ಗುವಾಹಟಿಗೆ ಹೊರಟ ಮೊಸರು ಬುತ್ತಿ

ನಾವು ಟಿ. ನರಸೀಪುರ ಬಿಟ್ಟಿದ್ದು ಗುರುವಾರ ಬೆಳಿಗ್ಗೆ ಐದೂವರೆಗೆ. ನಾವೆಂದರೆ ನಾನು, ನನ್ನ ಅಕ್ಕ ಮಾದೇವಮ್ಮ, ಚಕ್ರದ ಸೂಟ್‌ಕೇಸು ಒಂದು, ಮತ್ತೆ ಅಕ್ಕನ ತೊಡೆಯ ಮೇಲೆ ಕೂತಿದ್ದ ಸ್ಟೀಲ್ ಡಬ್ಬಿ. ಟಿಕೆಟ್ಟು ನಮ್ಮಿಬ್ಬರಿಗೇ ಆಗಿದ್ದರೂ ಪ್ರಯಾಣ ಮಾಡಿದ್ದು ಆ ಡಬ್ಬಿ. ನಾವು ಅದನ್ನು ಬಿಟ್ಟು ಬರಲು ಹೋದವರು.

ನಾನು ನಂಜನಗೂಡಿನವನು, ಅಕ್ಕನನ್ನು ಕೊಟ್ಟಿದ್ದು ನರಸೀಪುರಕ್ಕೆ. ಇಪ್ಪತ್ತಾರು ವರ್ಷದಿಂದ ಸರ್ಕಾರಿ ಬಸ್ಸಿನಲ್ಲಿ ಕಂಡಕ್ಟರ್. ಹೆಚ್ಚು ಕಾಲ ಓಡಾಡಿದ್ದು ನಂಜನಗೂಡಿನಿಂದ ಸುತ್ತೂರಿನ ಮೇಲೆ ನರಸೀಪುರಕ್ಕೆ ಹೋಗುವ ದಾರಿಯಲ್ಲಿ. ಹಲಸಿನ ಹಣ್ಣು, ಕೋಳಿ, ರಾಗಿ ಮೂಟೆ, ಒಮ್ಮೆ ಒಂದು ಹೊಲಿಗೆ ಯಂತ್ರ, ಇವಕ್ಕೆಲ್ಲ ಲಗೇಜು ಟಿಕೆಟ್ ಹರಿಯಬೇಕೋ ಬೇಡವೋ ಎಂದು ನಾನು ಆಡದ ಜಗಳವಿಲ್ಲ. ಜನರ ಚೀಲಕ್ಕೆ ಕೈ ಹಾಕಿ 'ಏನಮ್ಮ ಇದು?' ಎಂದು ಕೇಳುವುದೇ ಬದುಕಾಗಿತ್ತು. ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ? ನನ್ನ ಚೀಲಕ್ಕೆ ಬೇರೆಯವರು ಕೈ ಹಾಕುವ ದಿನವೂ ಬಂತು.

ಕಾರಣ ಅಕ್ಕನ ಮಗಳು ಸವಿತಾ. ಗುವಾಹಟಿಯ ಒಂದು ಆಸ್ಪತ್ರೆಯಲ್ಲಿ ನರ್ಸು. ಗಂಡ ಕುಮಾರ ನಮ್ಮ ತಾಂಡವಪುರದವನೇ, ಅಲ್ಲಿ ರೈಲ್ವೆಯಲ್ಲಿ ಕೆಲಸ. ಹಿಂದೆ ಎರಡು ಸಲ ಬಸಿರು ನಿಲ್ಲದೆ ಹೋಗಿತ್ತು. ಈ ಸಲ ಏಳಕ್ಕೆ ಬಿದ್ದಿತ್ತು, ಆದರೆ ಹೊಟ್ಟೆಯಲ್ಲಿ ಏನೂ ನಿಲ್ಲುತ್ತಿರಲಿಲ್ಲ. ಮೂರು ತಿಂಗಳಿಂದ ತಿಂದದ್ದೆಲ್ಲ ವಾಂತಿ. ಒಗ್ಗರಣೆ ವಾಸನೆ ಬಂದರೆ ಅಡುಗೆಮನೆ ಬಿಟ್ಟು ಓಡುತ್ತಿದ್ದಳಂತೆ. ಮಗು ಬೆಳೆಯುತ್ತಿಲ್ಲ, ಇನ್ನೊಂದು ವಾರ ನೋಡಿ ತೂಕ ಏರದಿದ್ದರೆ ಅಡ್ಮಿಟ್ ಮಾಡಿಕೊಳ್ಳುತ್ತೇವೆ ಎಂದು ಡಾಕ್ಟರು ಹೇಳಿದ್ದರು. ಪ್ರಯಾಣವಂತೂ ಕೂಡದು. ನಮ್ಮ ಕಡೆ ಏಳನೇ ತಿಂಗಳಿಗೆ ಬಸುರಿಗೆ ತವರಿಂದ ಬಯಕೆ ಬುತ್ತಿ ಹೋಗಬೇಕು, ಮಡಿಲು ತುಂಬಬೇಕು. ಇಲ್ಲಿ ಹೋಗಬೇಕಾದ ಬುತ್ತಿಗೆ ಮೂರು ಸಾವಿರ ಕಿಲೋಮೀಟರ್ ದಾರಿ.

ಫೋನಿನಲ್ಲಿ ಸವಿತಾ ಅತ್ತುಕೊಂಡು ಒಂದೇ ಮಾತು ಹೇಳಿದ್ದಳಂತೆ. 'ಅವ್ವ, ನಿನ್ನ ಕೈ ಮೊಸರು ಬುತ್ತಿ ಒಂದ್ ತುತ್ತು ತಿಂದ್ರೆ ನಿಲ್ತದೇನೋ.'

'ಗುವಾಹಟಿಲಿ ಮೊಸರು ಸಿಗಕಿಲ್ವ?' ಎಂದೆ ನಾನು.

ಅಕ್ಕ ನನ್ನನ್ನು ದುರುಗುಟ್ಟಿ ನೋಡಿದಳು. 'ಕುಮಾರ ತಂದ್ಕೊಡ್ನಿಲ್ವ? ಹುಳಿ ವಾಸ್ನೆ ಬಡಿತಿದ್ದಂಗೇ ಕಕ್ಬುಟ್ಲಂತೆ. ಹುಳಿ ಆಗದ ಮೊಸರು ಬೇಕು ಅವಳ್ಗೆ. ಆಗ್ ತಾನೆ ಆದ್ ಮೊಸರು. ನಮ್ ಅಸೀನ್ ಆಲು,' ಎಂದಳು. ಹಸುವನ್ನು ಅಕ್ಕ 'ಅಸ' ಎಂದೇ ಕರೆಯುವುದು.

ಮೊಸರು ಬುತ್ತಿ ಎಂದರೆ ಅನ್ನಕ್ಕೆ ಮೊಸರು ಕಲಸುವುದಲ್ಲ. ಅದು ತಿಳಿಯದವರು ಮಾಡುವುದು. ಅಕ್ಕ ಮಾಡುವ ರೀತಿಯೇ ಬೇರೆ. ಅನ್ನವನ್ನು ಮೆತ್ತಗೆ ಬೇಯಿಸಿ ಹಿಸುಕಿ, ಸುಂಡಿಸಿದ ಬಿಸಿ ಹಾಲನ್ನು ಅದಕ್ಕೆ ಹಿಂಗಿಸುತ್ತಾಳೆ. ಬೆರಳು ತಾಳುವಷ್ಟು ಬಿಸಿ ಉಳಿದಾಗ ಹೆಪ್ಪು ಹಾಕಿ ಮುಚ್ಚುತ್ತಾಳೆ. ಹೊರಡುವಾಗ ಹಾಲನ್ನ, ಇಳಿಯುವಾಗ ಮೊಸರನ್ನ. ದಾರಿ ಎಷ್ಟು ದೂರವೋ ಹೆಪ್ಪು ಅಷ್ಟು ಕಮ್ಮಿ. ಮೈಸೂರಿಗಾದರೆ ಒಂದು ಚಮಚ, ಧರ್ಮಸ್ಥಳಕ್ಕೆ ಅರ್ಧ, ತಿರುಪತಿಗೆ ಚಮಚದ ತುದಿ. ಅವಳ ಲೆಕ್ಕದಲ್ಲಿ ಊರುಗಳ ದೂರವೆಲ್ಲ ಹೆಪ್ಪಿನಲ್ಲೇ ಇದೆ. ಇಪ್ಪತ್ತಾರು ವರ್ಷ ಕಿಲೋಮೀಟರ್ ಕಲ್ಲು ನೋಡಿಕೊಂಡು ಓಡಾಡಿದ ನನಗೆ ಈ ಲೆಕ್ಕ ಗೊತ್ತೇ ಇರಲಿಲ್ಲ.

ವಿಮಾನದಲ್ಲಿ ಒಯ್ಯಬಾರದ ವಸ್ತುಗಳ ಪಟ್ಟಿಯನ್ನು ಮೊಬೈಲಿನಲ್ಲಿ ತೆಗೆದು ಅವಳಿಗೆ ಓದಿ ಹೇಳಿದೆ. ಎಣ್ಣೆ, ತುಪ್ಪ, ಉಪ್ಪಿನಕಾಯಿ, ಖಾರದ ಪುಡಿ ಕೈಚೀಲದಲ್ಲಿ ಬೇಡ. ನೀರಿನಂಥ ಪದಾರ್ಥ ಯಾವುದೇ ಆದರೂ ನೂರು ಮಿಲಿಗಿಂತ ಹೆಚ್ಚು ಬಿಡುವುದಿಲ್ಲ.

'ಅನ್ನ ಅದಾ ಅದ್ರಲ್ಲಿ?'

'ಇಲ್ಲ.'

'ಆಲು?'

'ಹಾಲು ಬಿಡಕಿಲ್ಲ. ಮೊಸರೂ ಬಿಡಕಿಲ್ಲ.'

'ಅನ್ನದೊಳಕ್ಕೆ ಇಂಗೋದ್ ಆಲು?'

ಆ ಪಟ್ಟಿ ಬರೆದವರಿಗೆ ಈ ಪ್ರಶ್ನೆ ಹೊಳೆದಿರಲಾರದು. ನಾನು ಮೇಲಿಂದ ಕೆಳಗೆ ಎರಡು ಸಲ ಓದಿದೆ, ಉತ್ತರ ಸಿಗಲಿಲ್ಲ. 'ಅಂಗಾದ್ರೆ ತಕ್ಕೊಂಡೋಗದೇಯ,' ಎಂದು ತೀರ್ಮಾನ ಕೊಟ್ಟಳು.

ಆಮೇಲೆ ಅವಳು ಕೇಳಿದ್ದು ಎಷ್ಟು ಗಂಟೆಯ ದಾರಿ, ವಿಮಾನದೊಳಗೆ ಸೆಖೆಯೋ ಚಳಿಯೋ ಎಂದು. ಬಸ್ಸು, ಕಾಯುವುದು, ವಿಮಾನ, ಟ್ಯಾಕ್ಸಿ ಎಲ್ಲ ಕೂಡಿಸಿ ಹದಿನಾಲ್ಕು ಗಂಟೆ ಎಂದೆ. ಏಸಿ ಇರುತ್ತದೆ, ಚಳಿ ಎಂದೆ. ಅದು ಎಂಥಾ ಚಳಿ ಎಂದು ತಿಳಿಯಲು ಅಕ್ಕ ಏನು ಮಾಡಿದಳು ಗೊತ್ತೇ? ಹೊರಡುವ ಮೂರು ದಿನ ಮೊದಲು ಒಂದು ಸಣ್ಣ ಡಬ್ಬಿಯಲ್ಲಿ ಬುತ್ತಿ ಕಟ್ಟಿಕೊಂಡು, ಪಾಸ್‌ಬುಕ್ ಎಂಟ್ರಿ ಮಾಡಿಸುವ ನೆಪದಲ್ಲಿ ನರಸೀಪುರದ ಬ್ಯಾಂಕಿಗೆ ಹೋಗಿ, ಏಸಿಯ ಕೆಳಗಿನ ಕುರ್ಚಿಯಲ್ಲಿ ಮೂರು ಗಂಟೆ ಕೂತು ಬಂದಳು. ಬ್ಯಾಂಕಿನವರು 'ಇನ್ನೇನಮ್ಮ ಬೇಕಿತ್ತು?' ಎಂದು ಎರಡು ಸಲ ಕೇಳಿದರಂತೆ. 'ಏನೂ ಬ್ಯಾಡಿ, ಕುಂತಿರ್ತೀನಿ,' ಎಂದಳಂತೆ. ಇದನ್ನು ಕೇಳಿ ನಾನು ನಕ್ಕಿದ್ದೇ ನಕ್ಕಿದ್ದು. ನಗು ನಿಂತ ಮೇಲೆ ನನಗೇ ನಾಚಿಕೆಯಾಯಿತು.

ಗುರುವಾರ ಬೆಳಿಗ್ಗೆ ಐದಕ್ಕೆ ಅಕ್ಕ ಹೆಪ್ಪು ಹಾಕಿದಳು. ಊದಿನಕಡ್ಡಿಯ ತುದಿಯನ್ನು ಮೊಸರಿಗೆ ಅದ್ದಿ, ಆ ತುದಿಯಿಂದ ಅನ್ನವನ್ನು ಮೂರು ಕಡೆ ಮುಟ್ಟಿಸಿದಳು, ಅಷ್ಟೆ. ಒಗ್ಗರಣೆ ಇಲ್ಲ, ಉಪ್ಪೂ ಇಲ್ಲ. ಉಪ್ಪು ಬಿದ್ದರೆ ಮೊಸರು ಸರಿಯಾಗಿ ಕೂರುವುದಿಲ್ಲ, ಅಲ್ಲಿಗೆ ಹೋದ ಮೇಲೆ ಹಾಕುತ್ತಾಳಂತೆ. ಮೇಲೆ ಬಾಳೆ ಎಲೆಯ ತುಂಡು ಒತ್ತಿ ಮುಚ್ಚಳ ಬಿಗಿದು, ತನ್ನ ಹಳೇ ಸೀರೆಯ ತುಂಡಿನಲ್ಲಿ ಸುತ್ತಿದಳು. ಆಗಿನಿಂದ ಮಗಳ ಬಾಯಿಗೆ ಬುತ್ತಿ ಬೀಳುವವರೆಗೆ ತಾನು ನೀರು ಬಿಟ್ಟು ಬೇರೇನೂ ಮುಟ್ಟುವುದಿಲ್ಲ ಎಂದಳು. ನನಗೆ ಮಾತ್ರ ನಾಲ್ಕು ಅಕ್ಕಿ ರೊಟ್ಟಿಗೆ ಹುಚ್ಚೆಳ್ಳು ಚಟ್ನಿ ಸವರಿ ಸುತ್ತಿ ಕೊಟ್ಟಿದ್ದಳು.

ನರಸೀಪುರದಿಂದ ಮೈಸೂರಿಗೆ ಮೂವತ್ತು ಕಿಲೋಮೀಟರ್, ಮುಕ್ಕಾಲು ಗಂಟೆ. ಕಂಡಕ್ಟರ್ ಪರಿಚಯದವನು, ಮುಂದಿನ ಸೀಟು ಬಿಡಿಸಿಕೊಟ್ಟ. ಮೈಸೂರಿನಿಂದ ಬೆಂಗಳೂರಿನ ವಿಮಾನ ನಿಲ್ದಾಣಕ್ಕೆ ನೇರ ಹೋಗುವ ಏಸಿ ಬಸ್ಸು. ತಲೆಗೆ ಎಂಟುನೂರರ ಹತ್ತಿರ ಆಯಿತು. ಹತ್ತಿದ ಕೂಡಲೇ ಅಕ್ಕ ತಲೆಯ ಮೇಲಿನ ಗಾಳಿಯ ತೂತನ್ನು ಕೈಯಿಂದ ಮುಚ್ಚಿ, 'ಇದ್ನ ನಿಲ್ಸಕಾಗಕಿಲ್ವಾ ಕೇಳು,' ಎಂದಳು. ತಿರುಗಿಸಿದರೆ ನಿಲ್ಲುತ್ತದೆ ಎಂದು ತೋರಿಸಿದೆ. ಅದನ್ನೂ, ನನ್ನದನ್ನೂ, ಹಿಂದಿನವರ ಒಪ್ಪಿಗೆ ಪಡೆದು ಅವರದನ್ನೂ ತಿರುಗಿಸಿದಳು. ರಾಮನಗರ ದಾಟುವಾಗ ಸಣ್ಣ ಮೋಡ ಇತ್ತು, ಮಳೆ ಬರಲಿಲ್ಲ. ಹನ್ನೊಂದೂಕಾಲಿಗೆ ನಿಲ್ದಾಣ ತಲುಪಿದೆವು. ನಮ್ಮ ವಿಮಾನ ಎರಡು ಗಂಟೆಗೆ.

ವಿಮಾನ ನಿಲ್ದಾಣವನ್ನು ನಾನು ಮೆಚ್ಚಲೇಬಾರದು ಎಂದುಕೊಂಡು ಹೋಗಿದ್ದೆ. ಆದರೆ ಅಲ್ಲಿನ ಶಿಸ್ತು ಕಂಡು ಸೋತೆ. ಅಷ್ಟು ಸಾವಿರ ಜನ, ಒಬ್ಬರೂ ಕಿಟಕಿಯಿಂದ ಟವಲ್ ಎಸೆದು ಸೀಟು ಹಿಡಿಯುತ್ತಿಲ್ಲ. ಸೂಟ್‌ಕೇಸನ್ನು ಕೌಂಟರಿನಲ್ಲಿ ಕೊಡುವಾಗ ಅಲ್ಲಿದ್ದ ಹೆಣ್ಣುಮಗಳು ಒಂದು ಚಿತ್ರದ ಹಲಗೆ ತೋರಿಸಿ, 'ಇದರಲ್ಲಿ ಯಾವುದಾದರೂ ಇದೆಯಾ ಸರ್? ಬ್ಯಾಟರಿ, ಲೈಟರ್, ಕೊಬ್ಬರಿ?' ಎಂದು ಕೇಳಿದಳು. 'ಯಾವುದೂ ಇಲ್ಲಮ್ಮ,' ಎಂದು ಎದೆ ತಟ್ಟಿ ಹೇಳಿದೆ. ಪೆಟ್ಟಿಗೆ ಬೆಲ್ಟಿನ ಮೇಲೆ ಒಳಗೆ ಹೋಯಿತು.

ಐದು ನಿಮಿಷ ಆಗಿರಲಿಲ್ಲ, ಅದೇ ಹುಡುಗಿ ಓಡಿ ಬಂದಳು. 'ಸರ್, ನಿಮ್ಮ ಬ್ಯಾಗ್ ನಿಲ್ಲಿಸಿದ್ದಾರೆ. ಅದರಲ್ಲಿ ಕೊಬ್ಬರಿ ಇದೆ.'

ಇಲ್ಲ ಎಂದೆ. ಇದೆ ಎಂದಳು. ಎಕ್ಸ್‌ರೇಯಲ್ಲಿ ಕಾಣಿಸುತ್ತಿದೆ ಎಂದಳು. ನನಗೆ ಸಿಟ್ಟು ನೆತ್ತಿಗೇರಿತು. 'ಕಂಡಕ್ಟರ್ ಕಣಮ್ಮ ನಾನು, ಲಗೇಜಿನಲ್ಲಿ ಸುಳ್ಳು ಹೇಳೋನಲ್ಲ,' ಎಂದು ದನಿ ಏರಿಸಿದೆ. ಹಿಂದಿನಿಂದ ಅಕ್ಕ ನನ್ನ ಅಂಗಿ ಹಿಡಿದು ಎಳೆದಳು.

'ಮಡ್ಲಕ್ಕಿ ಗಂಟ್ನಲ್ಲಿ ಅದೆ ಕಣ್ಲಾ, ಒಂದ್ ಗಿಟುಕು.'

'ಕೊಬ್ಬರಿ ಇಲ್ಲ ಅಂತ ಯಾಕೆ ಹೇಳಿಸ್ದೆ?'

'ಅದು ಕೊಬ್ರಿನಾ? ಅದು ಮಡ್ಲು.'

ಅವಳ ಮಾತಿನಲ್ಲಿ ತಪ್ಪೇನೂ ಇರಲಿಲ್ಲ. ಮಡಿಲಿಗೆ ತುಂಬುವ ಅಕ್ಕಿಯನ್ನು ನಾವು ಅಕ್ಕಿ ಎಂದು ಲೆಕ್ಕಕ್ಕೆ ಹಿಡಿಯುವುದಿಲ್ಲ, ಬೆಲ್ಲವನ್ನು ಬೆಲ್ಲ ಎನ್ನುವುದಿಲ್ಲ. ಅಕ್ಕಿ, ಬೆಲ್ಲದ ಅಚ್ಚು, ಅರಿಶಿನದ ಕೊಂಬು, ಎಲೆ ಅಡಿಕೆ, ರವಿಕೆ ಕಣ, ಕೊಬ್ಬರಿ ಗಿಟುಕು ಎಲ್ಲ ಸೇರಿ ಒಂದೇ ವಸ್ತು. ಅದನ್ನು ಕಟ್ಟಿದವರು ಮಗಳ ಮಡಿಲಲ್ಲೇ ಬಿಚ್ಚಬೇಕು, ನಡುದಾರಿಯಲ್ಲಿ ಬಿಚ್ಚಿದರೆ ಒಳ್ಳೆಯದಲ್ಲ ಎಂಬುದು ನಮ್ಮ ಮನೆಗಳಲ್ಲಿ ಎಲ್ಲರೂ ನಂಬಿದ ಮಾತು. ಎರಡು ಸಲ ಕಳೆದುಕೊಂಡವಳ ಮಡಿಲ ಗಂಟು ಇದು. ಒಣಕೊಬ್ಬರಿಯಲ್ಲಿ ಎಣ್ಣೆ ಜಾಸ್ತಿ, ಬೆಂಕಿ ಹತ್ತುವ ಪದಾರ್ಥ, ವಿಮಾನದ ಹೊಟ್ಟೆಗೆ ಹಾಕುವ ಹಾಗಿಲ್ಲ ಎಂದು ಆ ಹುಡುಗಿ ತಾಳ್ಮೆಯಿಂದ ವಿವರಿಸಿದಳು. ಗಂಟು ಬಿಚ್ಚದಿದ್ದರೆ ಪೆಟ್ಟಿಗೆ ಬರುವುದಿಲ್ಲ.

ಸಣ್ಣ ಕೋಣೆಯೊಂದಕ್ಕೆ ಕರೆದೊಯ್ದರು. ಸೂಟ್‌ಕೇಸು ಮೇಜಿನ ಮೇಲಿತ್ತು. ಅಕ್ಕ ಹಳದಿ ಬಟ್ಟೆಯ ಗಂಟನ್ನು ಹೊರತೆಗೆದು ಅದರ ಮೇಲೆ ಕೈಯಿಟ್ಟುಕೊಂಡು ನಿಂತಳು. ಬಿಚ್ಚಲಾರಳು ಎಂದೇ ನನಗೆ ಅನ್ನಿಸಿತು. 'ನಾನು ಬಿಚ್ಚಲಾ ಅಕ್ಕ?' ಎಂದೆ.

'ಬ್ಯಾಡ. ಗಂಟ್ನ ಇನ್ನೊಂದ್ಸಲ ಕಟ್ಬೋದು. ಒತ್ತು ಮೀರೋದ್ರೆ ಬುತ್ತಿ ಕೆಡ್ತದೆ,' ಎಂದವಳೇ ಬಿಚ್ಚಿದಳು.

ಕೊಬ್ಬರಿಯನ್ನು ಅಲ್ಲಿದ್ದ ಕಸದ ಡಬ್ಬಿಗೆ ಹಾಕಲು ಹೇಳಿದರು. ಅದಕ್ಕೆ ಮಾತ್ರ ಅಕ್ಕ ಒಪ್ಪಲಿಲ್ಲ. ಮಡಿಲಿಗೆಂದು ಹೊರಟದ್ದು ಹೆಣ್ಣಿನ ಮಡಿಲಿಗೇ ಬೀಳಬೇಕು. ಆ ಕೌಂಟರಿನ ಹುಡುಗಿಯ ಕಡೆ ತಿರುಗಿ, 'ನಿನ್ನೆಸ್ರೇನವ್ವ?' ಎಂದು ಕೇಳಿದಳು. ಅವಳು ರಶ್ಮಿ ಎಂದಳು. 'ಸೆರಗು ಒಡ್ಡವ್ವ.' ಸೆರಗೆಲ್ಲಿ, ಅವಳು ಕೋಟು ಪ್ಯಾಂಟು ತೊಟ್ಟವಳು. ಕೊರಳಿನ ಸ್ಕಾರ್ಫನ್ನು ಬಿಚ್ಚಿ ಎರಡು ಕೈಯಲ್ಲಿ ಒಡ್ಡಿದಳು. ಅಕ್ಕ ಅದರೊಳಗೆ ಕೊಬ್ಬರಿ ಗಿಟುಕು, ಒಂದು ಹಿಡಿ ಅಕ್ಕಿ, ಒಂದು ಅಚ್ಚು ಬೆಲ್ಲ ಇಟ್ಟು, 'ನಿಮ್ಮವ್ವನ್ಗೆ ಕೊಡು, ಒಳ್ಳೇದಾಗ್ಲಿ,' ಎಂದಳು. ಆ ಮಗು ಬಗ್ಗಿ ಅಕ್ಕನ ಕಾಲು ಮುಟ್ಟಿತು. ಪೆಟ್ಟಿಗೆ ಸಾಗಿಸುವ ಇಬ್ಬರು ಗಂಡಸರು ಕೆಲಸ ಬಿಟ್ಟು ನೋಡುತ್ತಿದ್ದರು. ನಾನು ರಶ್ಮಿಯ ಹತ್ತಿರ ಕ್ಷಮೆ ಕೇಳಿದೆ. ಅಷ್ಟು ಹೊತ್ತಿಗೆ ನನ್ನ ಕೂಗಾಟ ನನಗೇ ಅಸಹ್ಯವಾಗಿತ್ತು.

ನಿಜವಾದ ಗಂಡಾಂತರ ಇದ್ದದ್ದು ಮುಂದೆ, ಭದ್ರತಾ ತಪಾಸಣೆಯಲ್ಲಿ. ಮೊಬೈಲು, ಬೆಲ್ಟು, ಚಿಲ್ಲರೆ ಎಲ್ಲವನ್ನೂ ಟ್ರೇಗೆ ಹಾಕಿದೆ. ಡಬ್ಬಿಗೇ ಒಂದು ಟ್ರೇ. ನಾನು ಆ ಕಡೆ ಹೋಗಿ ನಿಂತೆ. ಅಕ್ಕ ಹೆಂಗಸರ ಪರದೆಯೊಳಗಿಂದ ಹೊರಬಂದಳು. ನಮ್ಮ ಎಲ್ಲ ಸಾಮಾನು ಬಂತು, ಡಬ್ಬಿ ಮಾತ್ರ ಬೇರೆ ದಾರಿ ಹಿಡಿದು ಪಕ್ಕದ ಮೇಜಿಗೆ ಹೋಯಿತು. ಅಲ್ಲಿ ಖಾಕಿ ತೊಟ್ಟ ಹೆಂಗಸೊಬ್ಬಳು ನಿಂತಿದ್ದಳು. ಕನ್ನಡ ಬಾರದು. ನನ್ನ ಹಿಂದಿ ನಂಜನಗೂಡಿಗೆ ಬರುವ ಉತ್ತರದ ಯಾತ್ರಿಕರಿಗೆ ದೇವಸ್ಥಾನದ ದಾರಿ ಹೇಳಿ ಹೇಳಿ ಕಲಿತದ್ದು.

'ಯೇ ಕ್ಯಾ ಹೈ?'

'ಚಾವಲ್ ಹೈ ಮೇಡಂ.'

ಸೀರೆಯ ತುಂಡು ಬಿಚ್ಚಿಸಿದಳು. ಮುಚ್ಚಳ ತೆಗೆಸಿದಳು. ಬಾಳೆ ಎಲೆ ಎತ್ತಿ ನೋಡಿ, 'ದಹೀ ಹೈ?' ಎಂದಳು.

ಹೌದು ಎಂದರೆ ತೆಗೆದಿಟ್ಟುಕೊಳ್ಳುತ್ತಾರೆ. ಇಲ್ಲ ಎಂದರೆ ಬೆಳಿಗ್ಗೆಯಿಂದ ಎರಡನೇ ಸುಳ್ಳು. ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ, 'ಅಭೀ ನಹೀ ಮೇಡಂ. ಶಾಮ್ ಕೋ ದಹೀ ಹೋಗಾ,' ಎಂದೆ. ಈಗ ಅಲ್ಲ, ಸಂಜೆಗೆ ಮೊಸರಾಗುತ್ತದೆ!

ಅವಳು ನನ್ನನ್ನು ತಲೆ ಸರಿಯಿಲ್ಲದವನೆಂಬಂತೆ ನೋಡಿ ತನ್ನ ಮೇಲಿನವರನ್ನು ಕರೆದಳು. ಸರದಾರ್‌ಜಿ ಒಬ್ಬರು ಬಂದರು. ಇಬ್ಬರೂ ಡಬ್ಬಿಯೊಳಗೆ ಬಗ್ಗಿ ನೋಡಿದರು. ನೀರಿನಂಥದ್ದೋ ಗಟ್ಟಿಯೋ ಎಂದು ಅವರಲ್ಲೇ ಚರ್ಚೆ. ಹಿಂದೆ ಸಾಲು ಬೆಳೆಯುತ್ತಿತ್ತು. ಕೈಗೆ ಬಂದದ್ದು ಬಾಯಿಗೆ ಬರಲಿಲ್ಲ ಎನ್ನುತ್ತಾರಲ್ಲ, ಸವಿತಾಳ ಪಾಲಿಗೆ ಹಾಗೇ ಆಗುತ್ತದೆ ಎಂದುಕೊಂಡೆ.

'ಏನಂತವ್ರೆ?' ಎಂದಳು ಅಕ್ಕ.

'ನೀರಾಗಿದ್ರೆ ಬಿಡಲ್ಲಂತೆ.'

ಅಕ್ಕ ಮುಂದೆ ಬಂದು ಡಬ್ಬಿಯನ್ನು ಎರಡು ಕೈಯಲ್ಲಿ ಎತ್ತಿದಳು. ನಾನು ತಡೆಯುವುದರೊಳಗೆ, ಮುಚ್ಚಳ ಇಲ್ಲದ ಡಬ್ಬಿಯನ್ನು ಮೇಜಿನ ಮೇಲೆ, ಅಷ್ಟು ಜನರ ಎದುರಿಗೆ, ತಲೆಕೆಳಗು ಮಾಡಿ ಹಿಡಿದಳು.

ಒಂದು ಅಗುಳು ಬೀಳಲಿಲ್ಲ. ಒಂದು ಹನಿ ತೊಟ್ಟಿಕ್ಕಲಿಲ್ಲ.

'ನೋಡ್ಕಳಿ ಸಾ,' ಎಂದಳು ಡಬ್ಬಿಯನ್ನು ಹಾಗೇ ಹಿಡಿದುಕೊಂಡು. 'ಬೀಳದಿದ್ರೆ ಅನ್ನ. ಬಿದ್ರೆ ನೀವೇ ಮಡಿಕಳಿ.' ಆಮೇಲೆ ಡಬ್ಬಿ ನೆಟ್ಟಗೆ ಮಾಡಿ, ಖಾಕಿಯ ಹೆಂಗಸಿನ ಕಡೆ ತಿರುಗಿ, ಒಂದು ಕೈಯಿಂದ ತನ್ನ ಹೊಟ್ಟೆಯ ಮುಂದೆ ದೊಡ್ಡ ದುಂಡು ಬರೆದು, 'ನನ್ ಮಗ್ಳು,' ಎಂದಳು.

ಅದಕ್ಕೆ ಹಿಂದಿ ಬೇಕಾಗಲಿಲ್ಲ. ಸರದಾರ್‌ಜಿ ಗಡ್ಡದೊಳಗೇ ನಕ್ಕು, 'ಜಾನೇ ದೋ,' ಎಂದು ಕೈ ಬೀಸಿದರು. ಆ ಹೆಂಗಸು ಬಾಳೆ ಎಲೆಯನ್ನು ತಾನೇ ಮೊದಲಿದ್ದಂತೆ ಹೊದಿಸಿ, ಮುಚ್ಚಳ ಒತ್ತಿ, ನಾಲ್ಕೂ ಕಡೆ ಬೆರಳಾಡಿಸಿ ಭದ್ರವಾಗಿದೆಯೇ ನೋಡಿ, ಎರಡು ಕೈಯಲ್ಲಿ ಎತ್ತಿ ಅಕ್ಕನಿಗೆ ಕೊಟ್ಟಳು. ಇಪ್ಪತ್ತಾರು ವರ್ಷದಲ್ಲಿ ನಾನು ಎಷ್ಟು ಜನರ ಬುತ್ತಿ ಚೀಲಗಳನ್ನು ಕಾಲಿನಿಂದ ಸೀಟಿನಡಿಗೆ ತಳ್ಳಿದ್ದೇನೋ ಲೆಕ್ಕವಿಲ್ಲ. ಹೀಗೆ ಎರಡು ಕೈಯಲ್ಲಿ ಎತ್ತಿ ಕೊಟ್ಟ ನೆನಪು ಒಂದೂ ಇಲ್ಲ.

ಗೇಟಿನ ಹತ್ತಿರ ಹೋದರೆ ವಿಮಾನ ಎರಡು ಗಂಟೆ ತಡ ಎಂದು ಬೋರ್ಡಿನಲ್ಲಿ ಬಂದಿತ್ತು. ನನಗೆ ತಲೆ ಕೆಟ್ಟುಹೋಯಿತು. ಹದಿನಾಲ್ಕು ಗಂಟೆಗೆಂದು ಹಾಕಿದ ಹೆಪ್ಪು ಹದಿನಾರಕ್ಕೆ ಹುಳಿಯಾಗದೆ ಇರುತ್ತದೆಯೇ? ಕೌಂಟರಿಗೆ ಹೋಗಿ ಎರಡು ಮಾತು ಆಡಿಬರೋಣ ಎಂದು ಎದ್ದೆ. ಅಕ್ಕ ಕೂರಿಸಿದಳು. ಡಬ್ಬಿಯ ತಳವನ್ನು ಕೆನ್ನೆಗೆ ಒತ್ತಿಕೊಂಡು ನೋಡಿದಳು. ಮುಚ್ಚಳ ಒಂದಿಷ್ಟು ಸರಿಸಿ ಮೂಸಿದಳು.

'ಇನ್ನೂವೆ ಆಲಾಗೇ ಅದೆ. ಬ್ಯಾಂಕ್ನಾಗಿದ್ದಂಗಲ್ಲ ಕಣೋ ಇಲ್ಲಿ ಚಳಿ, ಕೊರಿತದೆ. ಎರಡ್ಗಂಟೆಗೇ ಒರಟಿದ್ರೆ ಇದು ಮೊಸ್ರೇ ಆಯ್ತಿರ್ನಿಲ್ಲ.'

ಅಂದರೆ ಈಗ ಅವಳಿಗೆ ಬೇಕಾದದ್ದು ಬೆಚ್ಚಗಿನ ಜಾಗ. ಆ ಮಂಜುಗಡ್ಡೆಯಂಥ ಕಟ್ಟಡದಲ್ಲಿ ಅದೆಲ್ಲಿ ಸಿಗಬೇಕು? ಅವಳೇ ಹುಡುಕಿದಳು. ದೊಡ್ಡ ಗಾಜಿನ ಗೋಡೆಯ ಪಕ್ಕದಲ್ಲಿ ಮಧ್ಯಾಹ್ನದ ಬಿಸಿಲು ನೆಲದ ಮೇಲೆ ಬಿದ್ದಿತ್ತು. ಅಲ್ಲಿಗೆ ಹೋಗಿ, ಡಬ್ಬಿಯನ್ನು ಬಿಸಿಲಿಗೆ ಹಿಡಿದು ಕೂತಳು. ಬಿಸಿಲು ಸರಿದ ಹಾಗೆ ಅವಳೂ ಕುರ್ಚಿಯಿಂದ ಕುರ್ಚಿಗೆ ಸರಿದಳು. ಎರಡು ಗಂಟೆಯಲ್ಲಿ ಏಳು ಕುರ್ಚಿ. ಒಬ್ಬ ಸೂಟುಧಾರಿ ಲ್ಯಾಪ್‌ಟಾಪ್ ಎತ್ತಿಕೊಂಡು ಜಾಗ ಬಿಟ್ಟುಕೊಟ್ಟ, ಯಾಕೆಂದು ಕೇಳಲಿಲ್ಲ. ಸುತ್ತ ಜನ ಮುನ್ನೂರು ರೂಪಾಯಿಯ ಬ್ರೆಡ್ಡು ತಿನ್ನುತ್ತಿದ್ದರು. ನಾನು ನನ್ನ ರೊಟ್ಟಿ ತಿಂದೆ. ಅಕ್ಕ ನೀರು ಕುಡಿದಳು.

ವಿಮಾನ ನಾಲ್ಕಕ್ಕೆ ಹೊರಟಿತು. ಮೇಲೇರುವಾಗ ಡಬ್ಬಿ ಸೀಟಿನಡಿಗೆ ಇರಬೇಕು ಎಂದು ಗಗನಸಖಿ ಹೇಳಿದಾಗ ಅಕ್ಕ ಒಪ್ಪಿ, ಚಪ್ಪಲಿ ಬಿಟ್ಟು ಎರಡು ಪಾದಗಳ ನಡುವೆ ಅದನ್ನು ಹಿಡಿದುಕೊಂಡಳು. ಮೊದಲ ಸಲ ವಿಮಾನ ಹತ್ತಿದವಳು ಕಿಟಕಿಯ ಕಡೆ ತಲೆ ಎತ್ತಲಿಲ್ಲ. ಸೀಟ್ ಬೆಲ್ಟಿನ ದೀಪ ಆರಿದೊಡನೆ ಡಬ್ಬಿ ಮಡಿಲಿಗೆ ಬಂತು, ಮೇಲೆ ಸೆರಗು, ಸೆರಗಿನ ಮೇಲೆ ನನ್ನ ಟವಲ್ಲು. ಪಕ್ಕದಲ್ಲಿದ್ದ ಅಸ್ಸಾಮಿನ ಮುದುಕರು ತಮ್ಮ ಚೀಲದಿಂದ ಎಳ್ಳು ಬೆಲ್ಲ ತುಂಬಿದ ಅಕ್ಕಿಯ ಸುರುಳಿ ತೆಗೆದು ನಮಗೂ ಕೊಟ್ಟರು. ಬೆಂಗಳೂರಿನ ಮಗಳ ಮನೆಯಲ್ಲಿ ಅವರ ಹೆಂಡತಿ ಮಾಡಿ ಕಟ್ಟಿದ್ದಂತೆ. ಬಹಳ ರುಚಿಯಾಗಿತ್ತು. ಅಕ್ಕ ತನ್ನ ಪಾಲನ್ನು ಕಣ್ಣಿಗೊತ್ತಿಕೊಂಡು ಚೀಲದಲ್ಲಿಟ್ಟಳು.

ಏಳಕ್ಕೆ ಗುವಾಹಟಿ. ಹೊರಗೆ ಸಣ್ಣ ಮಳೆ, ಬೆವರುವಂಥ ಸೆಖೆ. ಕುಮಾರ ಬಂದಿದ್ದ. ಟ್ಯಾಕ್ಸಿಯಲ್ಲಿ ಒಂದು ಗಂಟೆಯ ದಾರಿ. ಆ ಸೆಖೆಗೆ ಅಕ್ಕ ಮೊದಲ ಸಲ ಹೆದರಿದಳು. ಸೀರೆಯ ತುಂಡು ಬಿಚ್ಚಿ, ಟವಲ್ಲು ತೆಗೆದು, ಡಬ್ಬಿಯನ್ನು ಕಿಟಕಿಯ ಗಾಳಿಗೆ ಹಿಡಿದಳು.

ಬಾಗಿಲು ತೆಗೆದದ್ದು ಸವಿತಾ. ಕೊರಳ ಮೂಳೆ ಎದ್ದು ಕಾಣುತ್ತಿತ್ತು. ಹೊಟ್ಟೆ ಬಿಟ್ಟರೆ ಮೈಯಲ್ಲಿ ಬೇರೇನೂ ಇರಲಿಲ್ಲ. 'ಮಾವ,' ಎಂದು ನಕ್ಕಳು. ಅಕ್ಕ ಅಪ್ಪಿಕೊಳ್ಳಲಿಲ್ಲ, ಅಳಲಿಲ್ಲ. ಕೈಕಾಲು ತೊಳೆದು ಬಂದು, ಮಡಿಲು ಮೊದಲೋ ಬುತ್ತಿ ಮೊದಲೋ ಎಂದು ಕುಮಾರ ಕೇಳುತ್ತಿರುವಾಗಲೇ ನೆಲದ ಮೇಲೆ ಕೂತು ಮುಚ್ಚಳ ತೆಗೆದಳು.

ಬುತ್ತಿ ಕೆನೆಗಟ್ಟಿ ಕೂತಿತ್ತು. ಅಕ್ಕ ಬಗ್ಗಿ ಮೂಸಿದಳು. ನಾವು ಮೂವರೂ ಅವಳ ಮುಖ ನೋಡುತ್ತಿದ್ದೆವು. ಅವಳು ಒಂದು ಚಿಟಿಕೆ ಉಪ್ಪು ಹಾಕಿ ಕೈಯಿಂದ ಕಲಸಿ, ನಿಂಬೆಹಣ್ಣಿನ ಗಾತ್ರದ ತುತ್ತು ಮಾಡಿದಳು. ಸವಿತಾ ಅಭ್ಯಾಸಬಲದಿಂದ ಮುಖ ತಿರುಗಿಸಿದಳು. ಕುಮಾರ, ಪಾಪ, ಪ್ಲಾಸ್ಟಿಕ್ ಬೇಸಿನ್ ಹಿಡಿದು ಪಕ್ಕದಲ್ಲೇ ನಿಂತಿದ್ದ.

'ಬಾಯ್ ತಗಿ ಮಗ.'

ತುತ್ತು ಒಳಗೆ ಹೋಯಿತು. ಸವಿತಾ ಕಣ್ಣು ಮುಚ್ಚಿಕೊಂಡಳು. ಗಂಟಲು ಒಮ್ಮೆ ಏರಿ ಇಳಿಯಿತು. ಕುಮಾರ ಬೇಸಿನ್ ಮುಂದೆ ಚಾಚಿದ. ಅಕ್ಕ ಕಣ್ಣಲ್ಲೇ ಅವನನ್ನು ತಡೆದಳು. ಗೋಡೆ ಗಡಿಯಾರ ನೋಡಿದೆ, ಎಂಟು ಇಪ್ಪತ್ತು. ಎಂಟು ಇಪ್ಪತ್ತೆರಡು. ಹೊರಗೆ ಮಳೆ ಸುರಿಯುತ್ತಿತ್ತು. ಎಂಟು ಇಪ್ಪತ್ತೈದಕ್ಕೆ ಸವಿತಾ ಕಣ್ಣು ಬಿಟ್ಟಳು.

'ಹುಳಿನೇ ಇಲ್ಲ ಕಣವ್ವ,' ಎಂದಳು. 'ಇನ್ನೊಂದ್ ತುತ್ತು ಕೊಡು.'

ಎಂಟು ತುತ್ತು ತಿಂದಳು. ಒಂಬತ್ತನೆಯದನ್ನು ಅವಳೇ ತೆಗೆದು ಅಕ್ಕನ ಬಾಯಿಗಿಟ್ಟಳು. ಆಗ ಅಕ್ಕ ಅತ್ತಳು. ಬಾಯಿ ತುಂಬ ಅನ್ನ ಇಟ್ಟುಕೊಂಡು, ಸಣ್ಣ ಮಕ್ಕಳ ಹಾಗೆ ದನಿ ತೆಗೆದು ಅತ್ತಳು.

ಮಾರನೇ ದಿನ ಮಡಿಲು ತುಂಬಿದರು. ಪಕ್ಕದ ಕ್ವಾರ್ಟರ್ಸಿನ ಅಸ್ಸಾಮಿ ಹೆಂಗಸು ತಮ್ಮ ಹಿತ್ತಲಿನ ತೆಂಗಿನಕಾಯಿ ತಂದುಕೊಟ್ಟರು, ಅದೇ ಕೊಬ್ಬರಿಯ ಜಾಗಕ್ಕೆ ಆಯಿತು. ಅಕ್ಕ ಮೂರು ಅಂಗಡಿಯ ಹಾಲನ್ನು ಮೂಸಿ, ನಾಲ್ಕನೆಯ ದಿನ ಆ ಊರಿನದೇ ಒಬ್ಬ ಹಸುವಿನವನನ್ನು ಹುಡುಕಿ ಹಿಡಿದಳು. ಡಾಕ್ಟರು ಕೊಟ್ಟ ವಾರ ಮುಗಿದಾಗ ಸವಿತಾ ಮುಕ್ಕಾಲು ಕೆ.ಜಿ. ಏರಿದ್ದಳು. ಅಡ್ಮಿಟ್ ಬೇಡ ಎಂದರು. ಅಕ್ಕ ಹೆರಿಗೆಯವರೆಗೆ ಅಲ್ಲೇ ಉಳಿಯುವುದೆಂದಾಯಿತು. ನನ್ನ ರಜೆ ಮುಗಿದಿತ್ತು, ಒಬ್ಬನೇ ಹೊರಟೆ.

ಹೊರಡುವ ದಿನ ಬೆಳಿಗ್ಗೆ ಸಾಸಿವೆ ಚಟಪಟ ಎನ್ನುವ ಸದ್ದಿಗೆ ಎಚ್ಚರವಾಯಿತು. ಒಗ್ಗರಣೆಯ ಘಾಟು ಮನೆ ತುಂಬ. ಈ ವಾಸನೆಗೆ ಸವಿತಾಳಿಗೆ ಏನಾಗುತ್ತದೋ ಎಂದು ಗಾಬರಿಯಾಗಿ, ಅಕ್ಕನನ್ನು ಬೈಯಲೆಂದೇ ಅಡುಗೆಮನೆಗೆ ನುಗ್ಗಿದೆ. ಅಕ್ಕ ಬಾಗಿಲ ಪಕ್ಕ ಗೋಡೆಗೊರಗಿ ಕೈಕಟ್ಟಿ ನಿಂತಿದ್ದಳು. ಒಲೆಯ ಮುಂದೆ ಇದ್ದವಳು ಸವಿತಾ. ಬಾಣಲೆಗೆ ಕರಿಬೇವು ಹಾಕಿ, ನಿಂಬೆಹಣ್ಣು ಹಿಂಡುತ್ತಿದ್ದಳು.

'ಚಿತ್ರಾನ್ನ ಮಾವ. ವಿಮಾನ್ದಲ್ಲಿ ತಿನ್ನಕೆ,' ಎಂದಳು ತಿರುಗದೆ.

ಮೋಡದ ಮೇಲೆ ಹೋದ ಮೇಲೆ ಡಬ್ಬಿ ಬಿಚ್ಚಿದೆ. ಮೂರು ತಿಂಗಳು ನಾಲಿಗೆಗೆ ರುಚಿಯೇ ಗೊತ್ತಿಲ್ಲದೆ ಇದ್ದವಳ ಕೈ. ಉಪ್ಪು ತುಸು ಹೆಚ್ಚೇ ಮುಂದಾಗಿತ್ತು. ಒಂದು ಅಗುಳು ಬಿಡದೆ ತಿಂದೆ.